ಹೊರಗೆ ಹಾಕುವುದಕ್ಕೆ ‘ಹೋಮ್‌ಸ್ಕೂಲಿಂಗ್’ ಅನ್ನಬೇಡಿ

ನನ್ನ ಮಗನ ಎಲ್.ಸಿ. ಈಗಲೂ ನಮ್ಮ ಕಪಾಟಿನ ಲಾಕರಿನಲ್ಲಿದೆ. ಊರಲ್ಲಿ ನಾವು ಟಿ.ಸಿ. ಅನ್ನುವುದಕ್ಕೆ ಇಲ್ಲಿ ಎಲ್.ಸಿ. ಅನ್ನುತ್ತಾರೆ, ಮರಾಠಿಯವರಿಗೆ ಅದು ‘ದಾಖಲಾ’. ಅದರಲ್ಲೊಂದು ಕಾಲಂ ಇರುತ್ತದೆ: ‘ಶಾಳಾ ಸೋಡಣ್ಯಾಚೆ ಕಾರಣ’, ಅಂದರೆ ಶಾಲೆ ಬಿಟ್ಟದ್ದಕ್ಕೆ ಕಾರಣ. ನನ್ನ ಮಗನ ಎಲ್.ಸಿ.ಯಲ್ಲಿ ಆ ಜಾಗದಲ್ಲಿ ‘ಪಾಲಕರ ವಿನಂತಿಯ ಮೇರೆಗೆ’ ಎಂದು ಬರೆದಿದೆ. ಅದು ಸುಳ್ಳು. ಆ ಸುಳ್ಳಿಗೆ ಬೇಕಾದ ಅರ್ಜಿ ಬರೆದುಕೊಟ್ಟವನು ನಾನೇ. ಹಾಗಾಗಿ ಈ ಲೇಖನದಲ್ಲಿರುವ ಸಿಟ್ಟಿನಲ್ಲಿ ನನ್ನ ಪಾಲೂ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ.

2023ರ ಮಾರ್ಚ್ ತಿಂಗಳು. ಮಗ ಮೂರನೇ ತರಗತಿ ಮುಗಿಸುತ್ತಿದ್ದ. ಅಜ್ಜಿಯಿಂದ ಕೇಳಿದ ಮಹಾಭಾರತದ ಕತೆಯನ್ನು ಪಾತ್ರಗಳ ಸಮೇತ ಒಂದು ತಾಸು ಹೇಳಬಲ್ಲ ಹುಡುಗ, ಪುಸ್ತಕದ ಒಂದು ಸಾಲು ಓದಲು ಬೆವರುತ್ತಿದ್ದ. ಬೋರ್ಡಿನ ಮೇಲಿದ್ದದ್ದನ್ನು ನಕಲು ಮಾಡುವಷ್ಟರಲ್ಲಿ ಪೀರಿಯಡ್ ಮುಗಿಯುತ್ತಿತ್ತು. ಶಾಲೆಯವರೇ ಪರೀಕ್ಷೆ ಮಾಡಿಸಿ ಅಂದರು. ಕಲ್ಯಾಣದ ಒಂದು ಕ್ಲಿನಿಕ್ಕಿನಲ್ಲಿ ಮಾಡಿಸಿದೆವು. ಡಿಸ್‌ಲೆಕ್ಸಿಯಾ, ಜೊತೆಗೆ ಸ್ವಲ್ಪ ಎಡಿಎಚ್‌ಡಿ ಅಂತ ವರದಿ ಬಂತು. ನಮಗೆ ಒಂದು ರೀತಿಯ ಸಮಾಧಾನವೇ ಆಯಿತು. ಹುಡುಗ ಸೋಮಾರಿಯಲ್ಲ, ಮೊಂಡನಲ್ಲ, ಇದಕ್ಕೊಂದು ಹೆಸರಿದೆ, ಇನ್ನು ಶಾಲೆಯವರು ನೋಡಿಕೊಳ್ಳುತ್ತಾರೆ ಅಂತ ಅಂದುಕೊಂಡೆವು. ವರದಿ ಕೊಟ್ಟು ಆರು ವಾರಕ್ಕೆ ಪ್ರಿನ್ಸಿಪಾಲರಿಂದ ಫೋನ್ ಬಂತು.

ಅವತ್ತು ಅರ್ಧ ದಿನ ರಜೆ ಹಾಕಿ ಹೋದೆ. ಚಹಾ ತರಿಸಿದರು, ಬಿಸ್ಕತ್ತು ತರಿಸಿದರು. “ನಿಮ್ಮ ಹುಡುಗ ತುಂಬ ಬ್ರೈಟ್. ಆದರೆ ನಮ್ಮ ಸಿಸ್ಟಮ್‌ಗೆ ಅವನು ಹೊಂದುತ್ತಿಲ್ಲ. ಹೋಮ್‌ಸ್ಕೂಲಿಂಗ್ ಯಾಕೆ ಯೋಚನೆ ಮಾಡಬಾರದು? ಈಗ ಎಜುಕೇಟೆಡ್ ಪೇರೆಂಟ್ಸ್ ತುಂಬ ಜನ ಅದನ್ನೇ ಮಾಡುತ್ತಿದ್ದಾರೆ” ಅಂದರು. ಆ ‘ಎಜುಕೇಟೆಡ್’ ಅನ್ನುವ ಮಾತಿಗೆ ನಾನು ಮೆತ್ತಗಾದೆ. ಒಂದು ಹಾಳೆ ಕೊಟ್ಟರು, ಮಾದರಿ ಅರ್ಜಿ ತೋರಿಸಿದರು, ಬರೆದುಕೊಟ್ಟೆ. ಗೇಟು ದಾಟಿದ ಮೇಲೆ ಹೆಂಡತಿ ಒಂದೇ ಮಾತು ಅಂದಳು: “ಚಾ ಕುಡಿಸಿ ಹೊರಗ ಹಾಕಿದ್ರು ನೋಡ್ರಿ.”

ನಾನು ವಾರಗಟ್ಟಲೆ ಯೋಚಿಸಿದರೂ ಸಿಗದ ಸತ್ಯ ಅವಳಿಗೆ ಗೇಟಿನಲ್ಲೇ ಸಿಕ್ಕಿತ್ತು. ಈ ಲೇಖನದಲ್ಲಿ ನಾನು ಹೇಳಬೇಕಾದದ್ದೂ ಅಷ್ಟೇ. ಮಗುವಿಗೆ ಮನೆಯಲ್ಲಿ ಕಲಿಸುವುದು ಪಾಲಕರ ಆಯ್ಕೆಯಾಗಿದ್ದರೆ ಅದು ಶಿಕ್ಷಣದ ಒಂದು ದಾರಿ. ಶಾಲೆ ಬಾಗಿಲು ಹಾಕಿಕೊಂಡಿತು ಅನ್ನುವ ಕಾರಣಕ್ಕೆ ಮನೆಯಲ್ಲಿ ಕಲಿಸಬೇಕಾಗಿ ಬಂದರೆ ಅದಕ್ಕೆ ಹೊರಗೆ ಹಾಕುವುದು ಅನ್ನುತ್ತಾರೆ. ಈ ಎರಡಕ್ಕೂ ಒಂದೇ ಹೆಸರು ಇಟ್ಟಿರುವುದರಿಂದ ಶಾಲೆಗಳಿಗೆ ಲಾಭವಿದೆ. ನಮ್ಮ ಮಕ್ಕಳಿಗೆ ಇಲ್ಲ.

ಕಾನೂನು ಏನು ಹೇಳುತ್ತದೆ ಅಂತ ನಾನು ಓದಿದ್ದು ಅರ್ಜಿ ಬರೆದುಕೊಟ್ಟ ಮೇಲೆ. ನೀವು ಮೊದಲೇ ಓದಿಕೊಳ್ಳಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 16ನೇ ಕಲಮಿನ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರಲ್ಲಿ ತಿದ್ದುಪಡಿ ಬಂದು ಐದು ಮತ್ತು ಎಂಟನೇ ತರಗತಿಯಲ್ಲಿ ಫೇಲ್ ಮಾಡಲು ಅವಕಾಶ ಸಿಕ್ಕಿತು, ಹೊರಹಾಕಲು ಸಿಗಲಿಲ್ಲ. ಹಾಗಾಗಿಯೇ ಪ್ರಿನ್ಸಿಪಾಲರಿಗೆ ನನ್ನ ಅರ್ಜಿ ಬೇಕಿತ್ತು. ಅವರು ಹೊರಹಾಕಿದರೆ ಕಾನೂನಿನ ಪ್ರಶ್ನೆ ಏಳುತ್ತದೆ, ನಾನೇ ಕರೆದುಕೊಂಡು ಹೋದರೆ ಯಾರೂ ಕೇಳುವುದಿಲ್ಲ.

ಇನ್ನು ಮನೆಯಲ್ಲಿ ಕಲಿಯುವ ಅವಕಾಶ. ಅದು ಕಾಯ್ದೆಯಲ್ಲಿ ಇದೆ. 2012ರ ತಿದ್ದುಪಡಿ ಬಹುವಿಧ ನ್ಯೂನತೆ ಮತ್ತು ತೀವ್ರ ನ್ಯೂನತೆ ಇರುವ ಮಕ್ಕಳಿಗೆ ‘ಮನೆ ಆಧಾರಿತ ಶಿಕ್ಷಣ’ವನ್ನು ಆಯ್ದುಕೊಳ್ಳುವ ಹಕ್ಕು ಕೊಟ್ಟಿತು. ಹಾಸಿಗೆಯಿಂದ ಏಳಲಾಗದ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೊತ್ತೊಯ್ಯಬೇಕಾದಂಥ ಮಕ್ಕಳು ಮನಸ್ಸಿನಲ್ಲಿದ್ದ ಕಲಮು ಅದು. ಅಲ್ಲಿಯೂ ಆಯ್ಕೆ ಮಗುವಿನದು. ಶಾಲೆಗೆ ಆ ಹಕ್ಕನ್ನು ಯಾರೂ ಕೊಟ್ಟಿಲ್ಲ. ಓದು ತಡವಾಗುವ ಹುಡುಗ, ಬೆಂಚಿನ ಮೇಲೆ ಸುಮ್ಮನೆ ಕೂರಲಾಗದ ಹುಡುಗಿ ಆ ಪಟ್ಟಿಯಲ್ಲಿ ಬರುವುದೇ ಇಲ್ಲ.

ಮನೆ ಆಧಾರಿತ ಶಿಕ್ಷಣ ಅಂದರೆ ಸರ್ಕಾರದ ಲೆಕ್ಕದಲ್ಲಿ ಏನು ಅನ್ನುವುದಕ್ಕೂ ನಮ್ಮ ಊರ ಕಡೆ ಉದಾಹರಣೆ ಇದೆ. ಕರ್ನಾಟಕದಲ್ಲಿ ಬಿಐಇಆರ್‌ಟಿ ಅಂತ ಕರೆಯುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಕಲಿಸುವುದು ಅವರ ಕೆಲಸಗಳಲ್ಲೊಂದು. ಮಗುವಿನ ಹೆಸರು ಊರ ಶಾಲೆಯ ದಾಖಲಾತಿಯಲ್ಲೇ ಇರುತ್ತದೆ. ಆ ಶಿಕ್ಷಕರ ಸಂಖ್ಯೆ ಸಾಲದು, ಭೇಟಿ ಸಾಲದು, ಅದೆಲ್ಲ ಬೇರೆ ಜಗಳ. ಆದರೆ ಅಲ್ಲಿ ಶಾಲೆ ಮನೆಗೆ ಬರುತ್ತದೆ. ನಮಗೆ ಹೇಳಿದ ಹೋಮ್‌ಸ್ಕೂಲಿಂಗ್‌ನಲ್ಲಿ ಮಗು ಮನೆಗೆ ಬಂತು, ಶಾಲೆ ಅಲ್ಲೇ ಉಳಿಯಿತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನೂ ನೋಡಿ. ಅದು ಹೆಸರಿಸುವ 21 ನ್ಯೂನತೆಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಕಲಿಕೆಯ ತೊಂದರೆಯನ್ನು ಬೇಗ ಗುರುತಿಸಬೇಕು, ಅದಕ್ಕೆ ತಕ್ಕ ಕ್ರಮ ಕೈಗೊಳ್ಳಬೇಕು ಅಂತ ಅದರಲ್ಲಿದೆ. ಹಾಗಾಗುವಂತೆ ಸರ್ಕಾರ ‘ಪ್ರಯತ್ನಿಸತಕ್ಕದ್ದು’ ಎಂಬ ಮೆದು ಪದವೂ ಇದೆ. ನಮ್ಮ ಶಾಲೆ ತೊಂದರೆಯನ್ನು ಬೇಗ ಗುರುತಿಸಿತು ನಿಜ; ಅದಕ್ಕೆ ತೆಗೆದುಕೊಂಡ ಕ್ರಮ ಎಲ್.ಸಿ.

ಇದನ್ನು ಓದುವಾಗ ಕೆಲವರಿಗೆ ಬೇಸರವಾಗಬಹುದು. ಠಾಣೆಯಲ್ಲಿ, ನವಿ ಮುಂಬೈಯಲ್ಲಿ ಯೋಚಿಸಿ, ತಯಾರಿ ಮಾಡಿಕೊಂಡು, ಸಂತೋಷದಿಂದ ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿರುವ ಕುಟುಂಬಗಳಿವೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ಮನೆಶಾಲೆ ಏನು ಮಾಡಬಲ್ಲದು ಅನ್ನುವುದನ್ನು ನಾನು ಎರಡು ವರ್ಷ ನನ್ನ ಮನೆಯಲ್ಲೇ ಕಂಡಿದ್ದೇನೆ.

ನನ್ನ ಹೆಂಡತಿ ಠಾಣೆಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದಳು. ಕೆಲಸ ಬಿಟ್ಟಳು. ಜೂನ್‌ನಲ್ಲಿ ಅಕ್ಕಪಕ್ಕದ ಮಕ್ಕಳೆಲ್ಲ ಹೊಸ ರೇನ್‌ಕೋಟ್ ಹಾಕಿಕೊಂಡು ಶಾಲೆಗೆ ಹೋದ ದಿನ ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಪಾಠ ಶುರು ಮಾಡಿದಳು. ಜೋಳದ ರೊಟ್ಟಿಯನ್ನು ನಾಲ್ಕು ಭಾಗ, ಎಂಟು ಭಾಗ ಮಾಡಿ ಭಿನ್ನರಾಶಿ ಕಲಿಸಿದಳು. ತಟ್ಟೆಯಲ್ಲಿ ರವೆ ಹರವಿ ಬೆರಳಿನಿಂದ ಅಕ್ಷರ ತಿದ್ದಿಸಿದಳು. ಬದಲಾಪುರ, ಅಂಬರನಾಥ, ಉಲ್ಲಾಸನಗರ, ವಿಠ್ಠಲವಾಡಿ, ಕಲ್ಯಾಣ: ಸ್ಟೇಷನ್ನಿನ ಬೋರ್ಡುಗಳು ಅವನ ಮೊದಲ ಓದುವ ಪುಸ್ತಕವಾದವು. ಒಂದು ಬೋರ್ಡಿನಲ್ಲಿ ದೊಡ್ಡಕ್ಷರದ ಒಂದೇ ಪದ, ಓದುವುದಕ್ಕೆ ಗಾಡಿ ನಿಲ್ಲುವಷ್ಟು ಹೊತ್ತು ಸಮಯ, ತಪ್ಪಿದರೆ ನಗುವವರಿಲ್ಲ. ಪ್ರಶ್ನೆಗೆ ಉತ್ತರ ಬಾಯಲ್ಲಿ ಹೇಳಿದರೆ ಸಾಕು ಅಂದಳು. ಹತ್ತು ತಿಂಗಳಲ್ಲಿ ಹುಡುಗ ನಿಧಾನವಾಗಿ, ತಡವರಿಸುತ್ತ, ಆದರೆ ಹೆದರದೆ ಓದತೊಡಗಿದ.

ಈಗ ನನ್ನ ಪ್ರಶ್ನೆ. ಇದರಲ್ಲಿ ಶಾಲೆಯಲ್ಲಿ ಮಾಡಲಾಗದ್ದು ಯಾವುದು? ಬೋರ್ಡಿನಿಂದ ನಕಲು ಮಾಡಿಸುವ ಬದಲು ಒಂದು ಝೆರಾಕ್ಸ್ ಹಾಳೆ ಕೊಡುವುದೇ? ಹತ್ತು ನಿಮಿಷ ಹೆಚ್ಚು ಕೊಡುವುದೇ? ಬಾಯಲ್ಲಿ ಹೇಳಿದ ಉತ್ತರಕ್ಕೆ ಅಂಕ ಕೊಡುವುದೇ? ಮಹಾರಾಷ್ಟ್ರ ಸರ್ಕಾರ ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಬೋರ್ಡ್ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಲು ಶುರು ಮಾಡಿದ್ದು 1996ರಲ್ಲಿ. ಹೆಚ್ಚುವರಿ ಸಮಯ, ಬರೆಯಲು ಇನ್ನೊಬ್ಬರ ನೆರವು, ಕಾಗುಣಿತ ತಪ್ಪಿಗೆ ಅಂಕ ಕಳೆಯದಿರುವುದು, ಇವೆಲ್ಲ ಈ ರಾಜ್ಯಕ್ಕೆ ಹೊಸದಲ್ಲ. ಡಿಸ್‌ಲೆಕ್ಸಿಯಾ ಅನ್ನುವ ಪದವನ್ನು ಮನೆಮನೆಗೆ ತಲುಪಿಸಿದ ‘ತಾರೆ ಜಮೀನ್ ಪರ್’ ಸಿನಿಮಾ ಬಂದದ್ದು 2007ರ ಡಿಸೆಂಬರಿನಲ್ಲಿ. ಸರ್ಕಾರ ಅದಕ್ಕಿಂತ ಹನ್ನೊಂದು ವರ್ಷ ಮೊದಲೇ ಒಪ್ಪಿಕೊಂಡಿತ್ತು. ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಕೊಡಬಹುದಾದ ರಿಯಾಯಿತಿ ಮೂರನೇ ತರಗತಿಯ ಯೂನಿಟ್ ಟೆಸ್ಟಿನಲ್ಲಿ ಯಾಕೆ ಸಾಧ್ಯವಿಲ್ಲ?

ಮನೆಶಾಲೆಗೆ ನಾವು ಕೊಟ್ಟ ಬೆಲೆಯನ್ನೂ ಹೇಳಬೇಕು. ಒಂದು ಸಂಬಳ ಹೋಯಿತು. ವಾರಕ್ಕೆರಡು ದಿನ ಕಲ್ಯಾಣಕ್ಕೆ ಥೆರಪಿ, ಒಂದು ಸಲಕ್ಕೆ 800 ರೂಪಾಯಿ. ಸರ್ಕಾರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಿಶೇಷ ಅಗತ್ಯವಿರುವ ಒಂದು ಮಗುವಿಗೆ ವರ್ಷಕ್ಕೆ ತೆಗೆದಿಡುವುದು 3,500 ರೂಪಾಯಿ. ನಮ್ಮ ಲೆಕ್ಕದಲ್ಲಿ ಎರಡು ವಾರಕ್ಕೆ ಸ್ವಲ್ಪ ಹೆಚ್ಚು. ಹಣಕ್ಕಿಂತ ದೊಡ್ಡ ಬೆಲೆ ಬೇರೆ ಇತ್ತು. ಸಂಜೆ ಸೊಸೈಟಿಯ ಮಕ್ಕಳು ಆಡುವಾಗ ಶಾಲೆಯ ಜೋಕು, ಶಾಲೆಯ ಟೀಚರ್, ಶಾಲೆಯ ಸ್ಪೋರ್ಟ್ಸ್ ಡೇ. ಇವನಿಗೆ ಹೇಳಲು ಏನೂ ಇಲ್ಲ. ಒಂದು ದಿನ ಬಂದು ಅಮ್ಮನನ್ನು ಕೇಳಿದ: “ಅವ್ವಾ, ನಂಗ ರಜಾ ಯಾವಾಗ ಮುಗಿತದ?” ಎರಡು ವರ್ಷ ಅವನು ಅದನ್ನು ರಜೆ ಅಂತಲೇ ತಿಳಿದಿದ್ದ. ಓಪನ್ ಸ್ಕೂಲ್ ಇದೆಯಲ್ಲ, ಎನ್‌ಐಓಎಸ್ ಇದೆಯಲ್ಲ ಅನ್ನುತ್ತೀರಿ. ಇದೆ, ಒಳ್ಳೆಯ ಸಂಸ್ಥೆ. ಮೂರು, ಐದು, ಎಂಟನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳಿವೆ. ಹತ್ತನೆಯದಕ್ಕೆ ಐದು ವರ್ಷದಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಇಂಥ ಎಷ್ಟೋ ಮಕ್ಕಳನ್ನು ಅದು ದಡ ಸೇರಿಸಿದೆ. ಆದರೆ ಅದು ಸರ್ಟಿಫಿಕೇಟ್ ಕೊಡುತ್ತದೆ, ಪಕ್ಕದ ಬೆಂಚಿನ ಗೆಳೆಯನನ್ನು ಕೊಡುವುದಿಲ್ಲ.

ನಮ್ಮಂಥ ವಲಸೆ ಕುಟುಂಬಗಳಿಗೆ ಇನ್ನೊಂದು ಪೆಟ್ಟಿದೆ, ಅದು ಭಾಷೆಯದು. “ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಮಾತ್ರ ಮಾತಾಡಿ, ಮಗು ಗೊಂದಲ ಮಾಡಿಕೊಳ್ಳುತ್ತಿದೆ” ಅನ್ನುವ ಸಲಹೆ ಕೇಳದ ಪಾಲಕರು ನಮ್ಮಲ್ಲಿ ಕಡಿಮೆ. ಮಾತು ತಡವಾದ ಮಗುವಿಗೂ ಇದೇ ಔಷಧಿ, ಆಟಿಸಂ ಇರುವ ಮಗುವಿಗೂ ಇದೇ, ಡಿಸ್‌ಲೆಕ್ಸಿಯಾಕ್ಕೂ ಇದೇ. ನಮಗೂ ಹೇಳಿದರು. ಆರು ತಿಂಗಳು ಪಾಲಿಸಿದೆವು. ಆ ಆರು ತಿಂಗಳಲ್ಲಿ ಮನೆಯಲ್ಲಿ ಕತೆ ನಿಂತುಹೋಯಿತು. ನಮ್ಮ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಫೋನಿನಲ್ಲಿ ಮೊಮ್ಮಗನ ಜೊತೆ ಮಾತಾಡಲು ಹೆದರತೊಡಗಿದರು. “ನಾ ಮಾತಾಡಿದ್ರ ಹುಡುಗಂಗ ಕೆಡಕ ಆಗ್ತದೇನ್ರಿ ಅಳಿಯಂದ್ರ?” ಅಂತ ಕೇಳಿದ ದಿನ ನನಗೆ ನಾಚಿಕೆಯಾಯಿತು.

ಎರಡು ಭಾಷೆ ಕೇಳಿ ಬೆಳೆದದ್ದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ತಡವಾಗುತ್ತದೆ ಅನ್ನುವುದಕ್ಕೆ ಬೇರೆಬೇರೆ ದೇಶಗಳ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಡಿಸ್‌ಲೆಕ್ಸಿಯಾ ವಿಷಯಕ್ಕೆ ಬಂದರೆ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ‘ಡಾಲಿ’ ಎಂಬ ಪರೀಕ್ಷಾ ಸಾಮಗ್ರಿ ಹೊರತಂದಿತು. ಭಾರತೀಯ ಭಾಷೆಗಳಲ್ಲೇ ಮಗುವಿನ ಓದನ್ನು ಪರೀಕ್ಷಿಸಲು ಮಾಡಿದ್ದು. ಮೊದಲು ಸಿದ್ಧವಾದ ಭಾಷೆಗಳು ಹಿಂದಿ, ಮರಾಠಿ, ಕನ್ನಡ ಮತ್ತು ಇಂಗ್ಲಿಷ್. ಬದಲಾಪುರದ ಕನ್ನಡ ಮನೆಯ ಹುಡುಗನಿಗೆ ಹೇಳಿ ಮಾಡಿಸಿದ ಪಟ್ಟಿ! ಆದರೂ ನನ್ನ ಮಗನ ಓದನ್ನು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದರು. ಕನ್ನಡದಲ್ಲಿ ಅವನಿಗೆ ಏನು ಬರುತ್ತದೆ ಅಂತ ಯಾರೂ ಕೇಳದೆಯೇ ಕನ್ನಡ ಅಡ್ಡಿ ಅಂತ ತೀರ್ಪು ಕೊಟ್ಟರು. ಮನೆಯೇ ಶಾಲೆ, ತಾಯಿಯೇ ಟೀಚರ್ ಅಂತ ಹೇಳುವವರು ಆ ಟೀಚರಿಗೆ ಚೆನ್ನಾಗಿ ಬರುವ ಒಂದೇ ಭಾಷೆಯನ್ನು ಕಿತ್ತುಕೊಂಡು ಪಾಠ ಮಾಡು ಅನ್ನುವುದು ಯಾವ ನ್ಯಾಯ? ನಮ್ಮ ಮನೆಯ ಪಾಠ ದಾರಿಗೆ ಬಂದದ್ದು ನಾವು ಕನ್ನಡಕ್ಕೆ ಮರಳಿದ ಮೇಲೆ.

ಶಾಲೆಯವರ ವಾದವನ್ನೂ ಕೇಳೋಣ. ಒಂದು ಕ್ಲಾಸಿನಲ್ಲಿ ಐವತ್ತು ಅರವತ್ತು ಮಕ್ಕಳು, ಟೀಚರ್ ಒಬ್ಬರು, ಒಂದು ಮಗುವಿಗೆ ಗಮನ ಕೊಟ್ಟರೆ ಉಳಿದವರ ಗತಿಯೇನು ಅನ್ನುತ್ತಾರೆ. ಟೀಚರ ಕಷ್ಟ ನಿಜ. ನನ್ನ ತಂದೆಯೂ ಕನ್ನಡ ಸಾಲಿ ಮಾಸ್ತರರೇ. ಆದರೆ ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಅಂತ ಅದೇ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅರವತ್ತು ಮಕ್ಕಳನ್ನು ತುಂಬಿಸಿಕೊಂಡು ಅರವತ್ತು ಫೀಸು ಎಣಿಸಿಕೊಂಡವರು ಜಾಗ ಇಲ್ಲ ಅಂತ ನನ್ನ ಮಗನನ್ನು ಕಳಿಸುವುದು ಹೇಗೆ ಸರಿ? ತಪ್ಪು ಕ್ಲಾಸಿನ ಗಾತ್ರದ್ದು, ಶಿಕ್ಷೆ ಹುಡುಗನಿಗೆ.

2024ರ ಆಗಸ್ಟ್ 20 ನಮ್ಮೂರಿನವರು ಯಾರೂ ಮರೆಯುವುದಿಲ್ಲ. ಒಂದು ಶಾಲೆಯಲ್ಲಿ ಪುಟ್ಟ ಮಕ್ಕಳ ಮೇಲೆ ನಡೆದ ದೌರ್ಜನ್ಯದ ವಿರುದ್ಧ ಬದಲಾಪುರದ ಜನ ಸ್ಟೇಷನ್ನಿನ ಹಳಿಗಿಳಿದು ಗಂಟೆಗಟ್ಟಲೆ ಲೋಕಲ್ ನಿಲ್ಲಿಸಿದರು. ಆಮೇಲೆ ಎಷ್ಟೋ ಜನ ನನಗೆ ಹೇಳಿದರು: “ನಿಮ್ಮದೇ ವಾಸಿ ನೋಡಿ, ಮಗ ಮನೆಯಲ್ಲಿದ್ದಾನೆ.” ಭಯ ನನಗೂ ಇತ್ತು. ಆದರೆ ಅವತ್ತು ಹಳಿಯ ಮೇಲೆ ನಿಂತ ತಾಯಂದಿರು ಮಕ್ಕಳನ್ನು ಮನೆಯಲ್ಲಿ ಕೂಡಿಹಾಕುತ್ತೇವೆ ಅನ್ನಲಿಲ್ಲ. ಶಾಲೆಯನ್ನು ಸರಿ ಮಾಡಿ ಅಂದರು. ಕೆಟ್ಟ ಶಾಲೆಗೆ ಉತ್ತರ ಒಳ್ಳೆಯ ಶಾಲೆ. ಮಗುವಿನ ಕಲಿಕೆಯ ವಿಷಯದಲ್ಲೂ ನಾವು ಕೇಳಬೇಕಾದದ್ದು ಅದನ್ನೇ. ವ್ಯತ್ಯಾಸ ಇಷ್ಟೇ: ನಮ್ಮ ಮಕ್ಕಳು ಒಬ್ಬೊಬ್ಬರಾಗಿ, ಚಹಾ ಬಿಸ್ಕತ್ತಿನ ಜೊತೆ, ಸದ್ದಿಲ್ಲದೆ ಹೊರಗೆ ಬರುತ್ತಾರೆ. ಹಾಗಾಗಿ ಯಾವ ಗಾಡಿಯೂ ನಿಲ್ಲುವುದಿಲ್ಲ.

ಈಗ ನಮ್ಮವರ ವಿಷಯ. ಕನ್ನಡಿಗರು ಈ ಮಹಾನಗರದಲ್ಲಿ ಮಾಡಿದ ದೊಡ್ಡ ಕೆಲಸ ಯಾವುದು ಅಂತ ಯಾರಾದರೂ ಕೇಳಿದರೆ ನಾನು ರಾತ್ರಿ ಶಾಲೆ ಅನ್ನುತ್ತೇನೆ. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗೆ ‘ನೀನು ನಮ್ಮ ಸಿಸ್ಟಮ್‌ಗೆ ಹೊಂದುವುದಿಲ್ಲ, ಹೋಟೆಲಿನಲ್ಲೇ ಓದಿಕೋ’ ಅಂತ ನಮ್ಮ ಹಿರಿಯರು ಹೇಳಲಿಲ್ಲ. ಹುಡುಗ ಹಗಲು ಬರಲಾರ ಅಂದರೆ ಶಾಲೆಯನ್ನೇ ರಾತ್ರಿಗೆ ಹಾಕಿದರು. ಅಲ್ಲಿ ಕಲಿತವರು ವಕೀಲರಾದರು, ಬ್ಯಾಂಕಿಗೆ ಸೇರಿದರು, ಬರಹಗಾರರಾದರು. ಮಗುವಿಗೆ ತಕ್ಕಂತೆ ಶಾಲೆ ಬಗ್ಗಬೇಕು ಅನ್ನುವುದು ಹೊರದೇಶದ ತತ್ವ ಏನಲ್ಲ, ನಮ್ಮದೇ ಸಂಘಗಳ ಚರಿತ್ರೆ.

ಆ ಚರಿತ್ರೆಯ ವಾರಸುದಾರರಾದ ನಾವು ಇವತ್ತು ಏನು ಮಾಡುತ್ತಿದ್ದೇವೆ? ರಾಜ್ಯೋತ್ಸವ, ಅರಿಶಿನ ಕುಂಕುಮ, ಯಕ್ಷಗಾನ, ಪ್ರತಿಭಾ ಪುರಸ್ಕಾರ. ಆ ಪುರಸ್ಕಾರದಲ್ಲಿ ಶೇ. 90 ಮೇಲೆ ಬಂದ ಮಕ್ಕಳಿಗೆ ಶಾಲು. ನನ್ನ ಮಗನಂಥವರು ಚಪ್ಪಾಳೆ ಹೊಡೆಯಲು. ಇನ್ನೊಂದು ಕಹಿ ಮಾತು ಹೇಳಲೇಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸಂವಿಧಾನದ 30ನೇ ವಿಧಿಯಲ್ಲಿ ಧರ್ಮದ ಜೊತೆ ಭಾಷೆಯೂ ಇದೆ. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಅಂದರೆ ಬೇರೆ ಶಾಲೆಗಳನ್ನು ಕಟ್ಟಿಹಾಕುವ ಕಲಮು ನಮ್ಮವರು ನಡೆಸುವ ಶಾಲೆಗಳನ್ನು ಕಟ್ಟಿಹಾಕದೇ ಇರಬಹುದು. ಕಾನೂನು ಬಿಟ್ಟುಕೊಟ್ಟ ಜಾಗದಲ್ಲಿ ನಾವು ಮೊದಲು ಕೂರಿಸಬೇಕಾದದ್ದು ಯಾರನ್ನು? ನಮ್ಮದು ಅಲ್ಪಸಂಖ್ಯಾತರ ಶಾಲೆ ಅನ್ನುವವರು ಕ್ಲಾಸಿನಲ್ಲಿರುವ ಅತಿ ಸಣ್ಣ ಅಲ್ಪಸಂಖ್ಯೆಯನ್ನು, ಆ ಇಬ್ಬರು ಮೂವರು ಮಕ್ಕಳನ್ನು, ಮರೆತರೆ ಆ ಪದಕ್ಕೆ ಅರ್ಥವಿಲ್ಲ.

ದೊಡ್ಡ ಬಜೆಟ್ಟು ಬೇಕಾಗಿಲ್ಲ. ಭಾನುವಾರ ಸಂಘದ ಹಾಲಿನಲ್ಲಿ ಒಂದು ಕೋಣೆ. ಕನ್ನಡ ಬಲ್ಲ ಒಬ್ಬ ವಿಶೇಷ ಶಿಕ್ಷಕಿಗೆ ತಿಂಗಳಿಗಿಷ್ಟು ಗೌರವಧನ. ನಮ್ಮ ಮಕ್ಕಳಿಗೆ ಬೋರ್ಡ್ ಪರೀಕ್ಷೆಯಲ್ಲಿ ಬರೆದುಕೊಡುವವರು ಸಾಮಾನ್ಯವಾಗಿ ಕೆಳಗಿನ ತರಗತಿಯವರೇ ಆಗಬೇಕು. ನಿಮ್ಮ ಮನೆಯ ಒಂಬತ್ತನೇ ತರಗತಿಯ ಹುಡುಗಿಯನ್ನು ಒಂದು ವಾರ ಕಳಿಸಿ. ಪ್ರತಿಭಾ ಪುರಸ್ಕಾರದ ಹತ್ತು ಶಾಲುಗಳಲ್ಲಿ ಒಂದು ಅವಳಿಗಿರಲಿ.

ಇದನ್ನು ಓದುತ್ತಿರುವ ತಂದೆ ತಾಯಿಗಳಲ್ಲಿ ಯಾರಿಗಾದರೂ ನಾಳೆ ಪ್ರಿನ್ಸಿಪಾಲರಿಂದ ಫೋನ್ ಬಂದರೆ ಒಂದೇ ಕೆಲಸ ಮಾಡಿ. ಚಹಾ ಕುಡಿಯಿರಿ, ಜಗಳ ಆಡಬೇಡಿ, ಆದರೆ ಅರ್ಜಿ ಬರೆಯಬೇಡಿ. “ನೀವು ಹೇಳಿದ್ದನ್ನು ನಿಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ” ಅನ್ನಿ. ಬರೆದುಕೊಡುವವರು ಅಪರೂಪ. ಬರೆದುಕೊಟ್ಟರೆ ಅದನ್ನು ಹಿಡಿದುಕೊಂಡು ಶಿಕ್ಷಣಾಧಿಕಾರಿಯ ಬಳಿ ಹೋಗಬಹುದು. ಮನೆಯಲ್ಲಿ ಕಲಿಸಬೇಕೆಂದು ನಿಮಗೇ ಅನ್ನಿಸಿದರೆ ಸಂತೋಷದಿಂದ ಕಲಿಸಿ, ಆದರೆ ಆ ತೀರ್ಮಾನ ನಿಮ್ಮ ಅಡುಗೆಮನೆಯಲ್ಲಿ ಆಗಲಿ, ಅವರ ಚೇಂಬರಿನಲ್ಲಿ ಬೇಡ.

2025ರ ಜೂನ್‌ನಲ್ಲಿ ನನ್ನ ಮಗ ಅಂಬರನಾಥದ ಒಂದು ಸೆಮಿ-ಇಂಗ್ಲಿಷ್ ಶಾಲೆಗೆ ಸೇರಿದ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅನ್ನುವ ಅದೇ ಕಾಯ್ದೆಯ 4ನೇ ಕಲಮನ್ನು ಪ್ರಿಂಟ್ ಹಾಕಿಕೊಂಡು ಹೋಗಿದ್ದೆ. ಮುಖ್ಯಾಧ್ಯಾಪಕಿ ಅದನ್ನು ಓದಲೂ ಇಲ್ಲ. “ಬರೂ ದ್ಯಾ, ಶಿಕೇಲ್” ಅಂದರು. ಬರಲಿ ಬಿಡಿ, ಕಲಿಯುತ್ತಾನೆ ಅಂತ. ಆಮೇಲೆ ಹಳೆಯ ಎಲ್.ಸಿ. ತೆಗೆದು, ಕಾರಣದ ಕಾಲಂ ನೋಡಿ, ತಲೆ ಎತ್ತಿ ನಮ್ಮನ್ನು ಕೇಳಿದರು: “ಪಾಲಕರ ವಿನಂತಿ ಅಂತಿದೆ. ಏನಿತ್ತು ನಿಮ್ಮ ವಿನಂತಿ?”

ಎರಡು ವರ್ಷದಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ನಮ್ಮ ಹುಡುಗನನ್ನು ಇಟ್ಟುಕೊಳ್ಳಿ ಅನ್ನುವುದೊಂದೇ ನಮ್ಮ ವಿನಂತಿಯಾಗಿತ್ತು.